ವಿಮಾನ ಕಲಿಯೋಕೆ ಯಾವ ಊರಿಗೆ?

ಊರಿಗೆ ಹೋದಾಗ ಬಬಲೇಶ್ವರದಿಂದ ತಿಕೋಟಾಕ್ಕೆ ಕಾಕಾನ ಮನೆಗೂ ಹೋಗಿದ್ದೆ. ಕಾಕಾನ ಮಗ ಲ್ಯಾಪ್‌ಟಾಪ್ ಹಿಡಿದು ಬಂದು ಕೂತ. "ಅಣ್ಣಾ, ಏರೋಸ್ಪೇಸ್ ಎಂ.ಎಸ್.ಗೆ ಅಮೆರಿಕಾ ಚಲೋನೋ, ಜರ್ಮನಿ ಚಲೋನೋ?" ಕಾಕಾ ದ್ರಾಕ್ಷಿ ತೋಟದ ಮೇಲೆ ಸಾಲ ಎತ್ತಲು ತಯಾರಾಗಿದ್ದರು. ಹುಡುಗನ ಮುಂದಿದ್ದದ್ದು ಬರೀ ರ‍್ಯಾಂಕಿಂಗ್ ಪಟ್ಟಿ. ನಾನು ಸಾಫ್ಟ್‌ವೇರ್‌ನವನು, ವಿಮಾನದ ವಿಷಯ ಅಷ್ಟಕ್ಕಷ್ಟೇ. ಆದರೆ ಈ ಪ್ರಶ್ನೆ ಎದುರಿಸಿದ ಹಳಬರ ಕತೆ ಗೊತ್ತಿತ್ತು, ಅದನ್ನೇ ಹೇಳಿದೆ.

1930ರ ದಶಕದಲ್ಲಿ ಇಲ್ಲಿಂದ ಹೊರಗೆ ಓದಲು ಹೋಗುವವರು ಹೆಚ್ಚಾಗಿ ಇಂಗ್ಲೆಂಡಿನ ಹಡಗು ಹತ್ತುತ್ತಿದ್ದರು. ನಮ್ಮ ಗಡಿಯಾಚೆ ಕೊಲ್ಹಾಪುರ ಸೀಮೆಯ ವಿ.ಎಂ. ಘಾಟಗೆ ಮಾತ್ರ ಜರ್ಮನಿಯ ಗಾಟಿಂಗೆನ್‌ಗೆ ಹೋದರು. ಯಾಕಂದ್ರೆ ಅಲ್ಲಿ ಲುಡ್ವಿಗ್ ಪ್ರಾಂಟಲ್ ಇದ್ದರು. ಗಾಳಿ ಹರಿಯುವಾಗ ರೆಕ್ಕೆಯ ಮೈಗೆ ತಾಗಿದ ತೆಳುಪದರದಲ್ಲೇ ಘರ್ಷಣೆಯ ಆಟವೆಲ್ಲ ಅಡಗಿದೆ ಅಂತ 1904ರಲ್ಲೇ ತೋರಿಸಿದವರು ಅವರು. ಅವರ ಹತ್ತಿರ ಪಿಎಚ್.ಡಿ. ಮಾಡಿದ ಘಾಟಗೆ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ವಿಮಾನ ವಿಭಾಗದಲ್ಲಿ ಮೊದಲು ಪಾಠ ಹೇಳಿದವರಲ್ಲೊಬ್ಬರು. ಅವರ ನೇತೃತ್ವದಲ್ಲಿ ಎಚ್.ಎ.ಎಲ್. ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಹಾರಿತು.

ಪ್ರಾಂಟಲ್ ಶಿಷ್ಯ ಫಾನ್ ಕಾರ್ಮನ್ 1930ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋದರು, ಲೀಪ್‌ಮನ್ ಅಲ್ಲಿ ಅವರ ಜೊತೆಯಾದರು. ಆ ಲೀಪ್‌ಮನ್ ಕೈಕೆಳಗೆ ಸತೀಶ್ ಧವನ್ ಅದೇ ತೆಳುಪದರದ ಘರ್ಷಣೆಯನ್ನು ನೇರವಾಗಿ ಅಳೆದು 1951ರಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿಗೆ ಬಂದರು. ಬೆಂಗಳೂರಿನ ಹುಡುಗ ರೊದ್ದಂ ನರಸಿಂಹ ಮೊದಲು ಇಲ್ಲೇ ಧವನ್ ಹತ್ತಿರ ಆ ಪದರದ ಮೇಲೆ ಕೆಲಸ ಮಾಡಿ, ಆಮೇಲೆ ಲೀಪ್‌ಮನ್ ಹತ್ತಿರ ಹೋಗಿ 1961ರಲ್ಲಿ ಪಿಎಚ್.ಡಿ. ಮುಗಿಸಿದರು. ವಾಪಸ್ ಬಂದು ಇಲ್ಲೇ ಗುರುವಾದರು.

ನೋಡಿ, ಜರ್ಮನಿಗೆ ಹೋದವರೂ ಅಮೆರಿಕಕ್ಕೆ ಹೋದವರೂ ಒಂದೇ ಗುರುಪರಂಪರೆಯ ಮಕ್ಕಳು! ದೇಶ ನೋಡಿ ಆರಿಸಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನೊಂದು ಮಾತೂ ಹೇಳಿದೆ. ಅಮೆರಿಕದಲ್ಲಿ ರಾಕೆಟ್, ರಕ್ಷಣಾ ಕೆಲಸಗಳಿಗೆ ಸಾಮಾನ್ಯವಾಗಿ ಅಲ್ಲಿನ ನಾಗರಿಕರನ್ನೋ ಗ್ರೀನ್ ಕಾರ್ಡ್ ಇರುವವರನ್ನೋ ಮಾತ್ರ ತಗೋತಾರೆ. ಓದಿಗೆ ಬಾಗಿಲು ತೆರೆದಿದ್ದರೂ ಕೆಲಸಕ್ಕೆ ಮುಚ್ಚಿರಬಹುದು. ತೋಟ ಅಡವಿಟ್ಟು ಹೋಗುವವನಿಗೆ ಇದು ಸಣ್ಣ ಸಂಗತಿಯಲ್ಲ.

ಹುಡುಗ ರ‍್ಯಾಂಕಿಂಗ್ ಪಟ್ಟಿ ಮುಚ್ಚಿ, ತನಗೆ ಹಿಡಿಸಿದ ಪ್ರಬಂಧಗಳನ್ನು ಬರೆದ ಪ್ರೊಫೆಸರುಗಳ ಹೆಸರು ಗೀಚತೊಡಗಿದ. ಅಷ್ಟೊತ್ತೂ ಸುಮ್ಮನೆ ಕೇಳುತ್ತಿದ್ದ ಕಾಕಾ ಚಹಾದ ಕಪ್ಪು ಕೆಳಗಿಟ್ಟರು.

"ಮೊದಲ ಗುರುನ್ನ ಹುಡಕಲಿ. ತ್ವಾಟ ಎಲ್ಲಿ ಓಡಿ ಹೋಗತೈತಿ?"