ಟೆಲಿಮೆಡಿಸಿನ್: ಶಿಕಾರಿಪುರ, ಸೊರಬಕ್ಕೆ ಎಷ್ಟು ಆಸರೆ?

ರೋಗಿ ಒಂದೂರಿನಲ್ಲಿ, ತಜ್ಞ ವೈದ್ಯರು ಮತ್ತೊಂದೂರಿನಲ್ಲಿದ್ದು, ದೂರಸಂಪರ್ಕದ ನೆರವಿನಿಂದ ನಡೆಯುವ ತಪಾಸಣೆ ಮತ್ತು ಸಲಹೆಗೆ ಟೆಲಿಮೆಡಿಸಿನ್ ಎಂದು ಹೆಸರು. ಕರ್ನಾಟಕಕ್ಕೆ ಇದು ಹೊಸದಲ್ಲ. ಇಸ್ರೋ ನೆರವಿನಿಂದ 2002ರಲ್ಲೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಗಿತ್ತು. ಅಂದು ಉಪಗ್ರಹ ಬೇಕಿತ್ತು, ಇಂದು ಮೊಬೈಲ್ ಸಾಕು. ಕೇಂದ್ರ ಸರ್ಕಾರದ ಇ-ಸಂಜೀವಿನಿ ಸೇವೆ ಆರಂಭವಾದದ್ದು 2019ರಲ್ಲಿ. ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚ್ 25ರಂದು ಮಾರ್ಗಸೂಚಿ ಹೊರಬಿದ್ದು, ಅದುವರೆಗಿನ ಕಾನೂನು ಗೊಂದಲ ಬಹುಮಟ್ಟಿಗೆ ತೀರಿತು.

ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 50 ಕಿ.ಮೀ.ಗೂ ಹೆಚ್ಚು, ಸೊರಬ ಇನ್ನೂ ದೂರ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಮಾತ್ರೆಯ ಪ್ರಮಾಣ ಬದಲಿಸಿಕೊಳ್ಳಲು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಇಂಥವರಿಗೆ ಟೆಲಿಮೆಡಿಸಿನ್ ನಿಜಕ್ಕೂ ವರ.

ಆದರೆ ಈ ಸೀಮೆಯ ಹೆಸರಿಗೇ ಅಂಟಿಕೊಂಡಿರುವ ರೋಗವೊಂದಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಜ್ವರ, ತಲೆನೋವು, ಮೈಕೈ ನೋವು: ಮೊದಲ ದಿನಗಳಲ್ಲಿ ಇದು ಯಾವ ಜ್ವರವೂ ಆಗಿರಬಹುದು. 'ಸೊಪ್ಪು ತರಲು ಕಾಡಿಗೆ ಹೋಗಿದ್ದಿರಾ? ಹತ್ತಿರದಲ್ಲಿ ಮಂಗ ಸತ್ತಿತ್ತೇ?' ಎಂದು ಪರದೆಯ ಆಚೆಯ ವೈದ್ಯರು ಕೇಳಿದರೆ ಅರ್ಧ ಕೆಲಸ ಆದಂತೆ. ಮಲೆನಾಡನ್ನು ಕಾಣದ ವೈದ್ಯರಿಗೆ ಈ ಪ್ರಶ್ನೆ ಹೊಳೆಯದೆಯೂ ಹೋಗಬಹುದು. ಹೊಳೆದರೂ, ರೋಗ ಖಚಿತವಾಗಲು ರಕ್ತದ ಮಾದರಿ ಪ್ರಯೋಗಾಲಯ ಸೇರಲೇಬೇಕು. ಈ ವೈರಾಣುವಿಗೆಂದೇ ನಿರ್ದಿಷ್ಟ ಔಷಧವಿಲ್ಲ. ರಕ್ತಸ್ರಾವ ಕಂಡರೆ ಹಾಸಿಗೆ, ಡ್ರಿಪ್, ದಾದಿಯರ ಆರೈಕೆಯೇ ಗತಿ. ಇವು ಯಾವುವೂ ತಂತಿಯ ಮೇಲೆ ಬರುವುದಿಲ್ಲ.

ಹೃದಯಾಘಾತದ ವಿಷಯ ಬೇರೆ. ಇಸಿಜಿಯನ್ನು ದೂರದ ತಜ್ಞರು ಕ್ಷಣಗಳಲ್ಲಿ ಓದಬಲ್ಲರು. 2023ರಲ್ಲಿ ಪ್ರಕಟವಾದ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇದನ್ನೇ ನೆಚ್ಚಿದೆ. ಇಲ್ಲಿ ಸಲಹೆಯ ಜೊತೆಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನೂ ಸ್ಥಳೀಯ ಆಸ್ಪತ್ರೆಯಲ್ಲಿ ಉಚಿತವಾಗಿ ನೀಡುವ ಏರ್ಪಾಡಿದೆ. ವ್ಯತ್ಯಾಸ ಇರುವುದು ಅಲ್ಲಿಯೇ.

ಉಳಿದ ಕೊರತೆಗಳು ಪರಿಚಿತ: ಕಾಡಂಚಿನಲ್ಲಿ ಸಿಗ್ನಲ್ ಇಲ್ಲ, ಮಳೆಗಾಲದಲ್ಲಿ ಕರೆಂಟ್ ಇಲ್ಲ, ಬರೆದುಕೊಟ್ಟ ಔಷಧ ಊರಿನಲ್ಲಿ ಸಿಗುವುದಿಲ್ಲ. ತುರ್ತು ಸ್ಥಿತಿಯಲ್ಲಿ ದೂರದ ಸಲಹೆಯು ಪ್ರಥಮ ಚಿಕಿತ್ಸೆ ಮತ್ತು ಆಸ್ಪತ್ರೆಗೆ ಕಳುಹಿಸುವುದಕ್ಕೆ ಸೀಮಿತವಾಗಿರಬೇಕೆಂದು 2020ರ ಮಾರ್ಗಸೂಚಿಯೇ ಹೇಳುತ್ತದೆ. ಹಾಗೆ ಕಳುಹಿಸಿದ ಮೇಲೆ ರೋಗಿ ಕಾಯುವುದು 108 ಆಂಬುಲೆನ್ಸ್‌ಗಾಗಿ.