ಎಕ್ಸ್‌ರೇ ವಿಭಾಗದ ನೆಲಮಾಳಿಗೆ: 123 ಜೀವಗಳು ಕಲಿಸಿದ ಪಾಠ

ಇವತ್ತಿನ ಕಂತು ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಬಗ್ಗೆ. ಯಂತ್ರದ ಕಥೆ ಅಲ್ಲ, ಅಲ್ಲಿನ ಕೋಣೆಗಳ ಕಥೆ.

ಮುಂದಿನ ಸಲ ಎಕ್ಸ್‌ರೇ ತೆಗೆಸೋಕೆ ಹೋದಾಗ ಸ್ವಲ್ಪ ಗಮನಿಸಿ. ಬಾಗಿಲು ವಿಪರೀತ ಭಾರ. ಅದರ ಮೇಲೊಂದು ಕೆಂಪು ದೀಪ. ಟೆಕ್ನೀಷಿಯನ್ "ಉಸಿರು ಹಿಡ್ಕೊಳ್ಳಿ" ಅಂತ ಹೇಳಿ ತಾವು ಸೀಸದ ತಡೆಯ ಹಿಂದೆ ಹೋಗಿಬಿಡ್ತಾರೆ. ಅವರ ಎದೆಯ ಮೇಲೆ ಒಂದು ಪುಟ್ಟ ಬ್ಯಾಡ್ಜ್. ಇದೆಲ್ಲ ಯಾರೋ ಅಧಿಕಾರಿಗಳು ಮೇಜಿನ ಮುಂದೆ ಕೂತು ಬರೆದ ನಿಯಮ ಅಂತ ನಾನು ಅಂದ್ಕೊಂಡಿದ್ದೆ. ಇತಿಹಾಸ ಓದ್ತಾ ಹೋದಾಗ ಗೊತ್ತಾಯ್ತು, ಈ ನಿಯಮಗಳ ಹಿಂದೆ ಮನುಷ್ಯರ ಸಾವುಗಳಿವೆ.

ಜರ್ಮನಿಯಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಈ ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಮರುವರ್ಷವೇ ಸ್ಕಾಟ್ಲೆಂಡಿನ ಗ್ಲಾಸ್ಗೋ ರಾಯಲ್ ಇನ್‌ಫರ್ಮರಿಯಲ್ಲಿ ಜಾನ್ ಮ್ಯಾಕಿಂಟೈರ್ ಎಂಬ ವೈದ್ಯರು ಎಕ್ಸ್‌ರೇ ವಿಭಾಗ ಶುರು ಮಾಡಿದರು. ಆಗ ಸೀಸದ ಗೋಡೆಯೂ ಇಲ್ಲ, ಬ್ಯಾಡ್ಜೂ ಇಲ್ಲ. ಅಮೆರಿಕದಲ್ಲಿ ಥಾಮಸ್ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಟ್ಯೂಬಿನ ಮುಂದೆ ತನ್ನ ಕೈಯನ್ನೇ ಇಟ್ಟು ಪರೀಕ್ಷೆ ಮಾಡ್ತಿದ್ದ. ಕೈಗಳಿಗೆ ಕ್ಯಾನ್ಸರ್ ಬಂತು, ಎರಡನ್ನೂ ಕತ್ತರಿಸಬೇಕಾಯಿತು, 1904ರಲ್ಲಿ ಅವನು ತೀರಿಕೊಂಡ. ಇಂಥವರ ನೆನಪಿಗೆ 1936ರಲ್ಲಿ ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ಆವರಣದಲ್ಲಿ ಸ್ಮಾರಕ ನಿಲ್ಲಿಸಿದರು. ಮೊದಲ ದಿನವೇ ಅದರ ಮೇಲೆ 169 ಹೆಸರುಗಳಿದ್ದವು.

ಹೀಗೆ ಕಿರಣದ ಅಪಾಯ ನಿಧಾನವಾಗಿ ಅರ್ಥ ಆಯ್ತು. ಆದರೆ ಅದೇ ವಿಭಾಗದಲ್ಲಿ ಇನ್ನೊಂದು ಅಪಾಯ ಇತ್ತು. ಅದು ಯಂತ್ರದ ಕೋಣೆಯಲ್ಲಿ ಇರಲಿಲ್ಲ, ಉಗ್ರಾಣದಲ್ಲಿತ್ತು.

ಮೊದಮೊದಲು ಎಕ್ಸ್‌ರೇ ಚಿತ್ರಗಳನ್ನು ಗಾಜಿನ ಹಲಗೆ ಮೇಲೆ ತೆಗೀತಿದ್ರು. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನಿಂದ ಬರುತ್ತಿದ್ದ ಒಳ್ಳೆಯ ಗಾಜಿಗೆ ಕೊರತೆಯಾದಾಗ ಆಸ್ಪತ್ರೆಗಳು ಫಿಲ್ಮ್ ಕಡೆ ತಿರುಗಿದವು. ಫಿಲ್ಮ್ ಹಗುರ, ಒಡೆಯಲ್ಲ, ಜಾಗವೂ ಕಮ್ಮಿ ಸಾಕು. ಒಂದೇ ಒಂದು ತೊಂದರೆ: ಅದನ್ನು ಮಾಡ್ತಿದ್ದದ್ದು ನೈಟ್ರೋಸೆಲ್ಯುಲೋಸ್‌ನಿಂದ. ಹಳೇ ಸಿನಿಮಾ ರೀಲುಗಳದ್ದೂ ಅದೇ ವಸ್ತು, ಹೊಗೆ ಬಾರದ ಸಿಡಿಮದ್ದಿನ ಹತ್ತಿರದ ಸಂಬಂಧಿ. ಒಮ್ಮೆ ಹೊತ್ತಿಕೊಂಡರೆ ಉರಿಯೋಕೆ ಹೊರಗಿನ ಗಾಳಿಯೂ ಬೇಡ. ಬೇಕಾದ ಆಮ್ಲಜನಕ ಅದರೊಳಗೇ ಇರುತ್ತೆ.

ಈಗ ಅಮೆರಿಕದ ಓಹಾಯೋಗೆ ಬನ್ನಿ. ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಶುರುವಾದದ್ದು 1921ರಲ್ಲಿ, ನಾಲ್ವರು ವೈದ್ಯರು ಸೇರಿ ಕಟ್ಟಿದ ಸಂಸ್ಥೆ. ರೋಗಿಗಳು ಹೆಚ್ಚಿದ ಹಾಗೆ ಫಿಲ್ಮುಗಳೂ ಹೆಚ್ಚಿದವು. ಹಳೆಯ ಎಕ್ಸ್‌ರೇ ಬೇಕಾಗಬಹುದು ಅಂತ ಎಲ್ಲವನ್ನೂ ಲಕೋಟೆಗಳಲ್ಲಿ ಹಾಕಿ ನೆಲಮಾಳಿಗೆಯ ಕೋಣೆಯಲ್ಲಿ ಪೇರಿಸಿಟ್ಟರು. ಅದೇ ಕೋಣೆಯಲ್ಲಿ ಬಿಸಿ ಹಬೆಯ ಪೈಪೂ ಹಾದುಹೋಗಿತ್ತು.

1929ರ ಮೇ 15. ಬೆಳಿಗ್ಗೆ ಆ ಪೈಪು ಸೋರ್ತಾ ಇರೋದು ಗೊತ್ತಾಗಿ ರಿಪೇರಿಯವರನ್ನು ಕರೆಸಿದರು. ಮಧ್ಯಾಹ್ನಕ್ಕೆ ಮೊದಲೇ ಫಿಲ್ಮುಗಳಿಗೆ ಬೆಂಕಿ ಹತ್ತಿತ್ತು. ಹಬೆಯ ಬಿಸಿಯೋ, ಬಲ್ಬಿನ ಬಿಸಿಯೋ, ಯಾರದೋ ಸಿಗರೇಟೋ, ಕಾರಣ ಇದೇ ಅಂತ ಖಚಿತವಾಗಲೇ ಇಲ್ಲ. ಸ್ಫೋಟಗಳಾದವು. ಕಂದು ಹಳದಿ ಬಣ್ಣದ ವಿಷದ ಹೊಗೆ ಪೈಪು, ಗಾಳಿಯ ಕೊಳವೆಗಳ ದಾರಿ ಹಿಡಿದು ಮಹಡಿಮಹಡಿಗೆ ಏರಿತು.

ಸತ್ತವರು 123 ಜನ. ರೋಗಿಗಳು, ನರ್ಸ್‌ಗಳು, ವೈದ್ಯರು. ನನ್ನನ್ನು ಕಾಡೋದು ಇದು: ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಬೆಂಕಿಯಲ್ಲ, ಹೊಗೆ. ಕೆಲವರು ನಡೆದುಕೊಂಡೇ ಹೊರಗೆ ಬಂದಿದ್ದರು, ಚೆನ್ನಾಗಿಯೇ ಕಾಣ್ತಿದ್ರು. ಹೊಗೆಯಲ್ಲಿದ್ದ ಸಾರಜನಕದ ಆಕ್ಸೈಡುಗಳು ಶ್ವಾಸಕೋಶದಲ್ಲಿ ನೀರು ತುಂಬಿಸಲು ಕೆಲವು ಗಂಟೆ ತಗೊಳ್ಳುತ್ತವೆ. ಸ್ಥಾಪಕ ವೈದ್ಯರಲ್ಲಿ ಒಬ್ಬರಾದ ಜಾನ್ ಫಿಲಿಪ್ಸ್ ಕೂಡ ಹಾಗೆಯೇ ಹೊರಗೆ ಬಂದು, ಅದೇ ದಿನ ತೀರಿಕೊಂಡರು. ಅಮೆರಿಕದ ಸೇನೆಯ ರಾಸಾಯನಿಕ ಯುದ್ಧ ವಿಭಾಗದವರೇ ಬಂದು ತನಿಖೆ ಮಾಡಬೇಕಾಯಿತು.

ಇನ್ನೂ ಬೇಸರದ ಸಂಗತಿ ಅಂದ್ರೆ, ಅಷ್ಟು ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮ್ ಅಷ್ಟೊತ್ತಿಗೆ ಮಾರುಕಟ್ಟೆಯಲ್ಲಿ ಇತ್ತು. 'ಸೇಫ್ಟಿ ಫಿಲ್ಮ್' ಅಂತಲೇ ಅದರ ಹೆಸರು. ಈ ದುರಂತದ ನಂತರ ಆಸ್ಪತ್ರೆಗಳು ಅದಕ್ಕೆ ಬದಲಾದವು, ಫಿಲ್ಮ್ ಇಡುವ ಕೋಣೆಗೆ ಬಿಗಿಯಾದ ನಿಯಮಗಳು ಬಂದವು.

ಇಲ್ಲಿ ಕೆಟ್ಟವರು ಅಂತ ಯಾರನ್ನು ತೋರಿಸೋದು? ಆ ವೈದ್ಯರು ನಿಪುಣರು, ಯಂತ್ರಗಳೂ ಒಳ್ಳೆಯವೇ. ಆದರೆ ವಿಭಾಗ ಅಂದ್ರೆ ಬರೀ ಯಂತ್ರ ಮತ್ತು ವೈದ್ಯರಲ್ಲ. ತೆಗೆದ ಚಿತ್ರ ಎಲ್ಲಿಗೆ ಹೋಗುತ್ತೆ, ಆ ಕೋಣೆಯ ಗಾಳಿ ಎತ್ತ ಹೋಗುತ್ತೆ, ಅಲ್ಲಿ ಪೈಪು ಸೋರಿದರೆ ಯಾರು ಮೊದಲು ಫಿಲ್ಮ್ ಹೊರಗೆ ಸಾಗಿಸಬೇಕು? ಇದೂ ಯೋಜನೆಯ ಭಾಗವೇ. ಉಗ್ರಾಣವನ್ನು ಕಡೆಗೆ ನೋಡ್ಕೊಂಡ್ರಾಯ್ತು ಅಂತ ಬಿಟ್ಟಲ್ಲೇ ಅನಾಹುತ ಕಾಯ್ತಾ ಇತ್ತು.

ನಮ್ಮಲ್ಲಿ ಇದನ್ನು ನೋಡಿಕೊಳ್ಳೋಕೆ 1983ರಲ್ಲಿ ಶುರುವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. ಎಕ್ಸ್‌ರೇ ಯಂತ್ರ ನಡೆಸೋಕೆ ಅದರ ಪರವಾನಗಿ ಬೇಕು. ಟೆಕ್ನೀಷಿಯನ್ ಎದೆಯ ಮೇಲಿನ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತೆ, ಅವರಿಗೆ ಎಷ್ಟು ಕಿರಣ ತಾಗಿದೆ ಅಂತ ಲೆಕ್ಕ ಇಡ್ತಾರೆ. ಡ್ಯಾಲಿಗೆ ಸಿಗದಿದ್ದ ಲೆಕ್ಕ ಅದು.

ಇನ್ನು ಫಿಲ್ಮು? ಅದು ಈಗ ಕಂಪ್ಯೂಟರಿನ ಸರ್ವರ್‌ಗೆ ಹೋಗಿದೆ. ಉಗ್ರಾಣ ಮಾಯವಾಯ್ತು ಅಂದ್ಕೊಳ್ತೀವಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆದಾಗ, ದಿನಗಟ್ಟಲೆ ಪೆನ್ನು ಕಾಗದದಲ್ಲಿ ಕೆಲಸ ನಡೆಸಬೇಕಾಯಿತು. ಉಗ್ರಾಣ ಎಲ್ಲೂ ಹೋಗಿಲ್ಲ. ಜಾಗ ಬದಲಿಸಿದೆ ಅಷ್ಟೇ.

ಹಾಗಾಗಿ ಆ ಕೆಂಪು ದೀಪದ ಕೆಳಗೆ ಕಾಯುವಾಗ ಬೇಸರ ಬಂದ್ರೆ, ಈ ಕಥೆ ನೆನಪಿಸ್ಕೊಳ್ಳಿ.