ಮುಚ್ಚಳ ರೊಟ್ಟಿ
ಅಡಿಗೆಯನ್ನು ಬರೆದಿಡುವ ಪದ್ಧತಿ ಕನ್ನಡಿಗರಿಗೆ ಹೊಸತಲ್ಲ. 1025ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯನು ಪಾಕಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ರಚಿಸಿದನು. ಮೇಲೆ ಕೆಳಗೆ ಕೆಂಡವಿಟ್ಟು ಬೇಯಿಸುವ ಮುಚ್ಚಳ ರೊಟ್ಟಿಯ ವಿವರ ಅದರಲ್ಲಿದೆ.

ನಮ್ಮ ತಾಯಿಯವರು ಮಂಗರಸನನ್ನು ಓದಿದವರಲ್ಲ. ಆದರೆ ಊರಿನಲ್ಲಿ ಸೌತೆಕಾಯಿ ರೊಟ್ಟಿಯನ್ನು ಬೇಯಿಸುತ್ತಿದ್ದುದು ಹೀಗೆಯೇ. ಅಕ್ಕಿರವೆ, ಬೆಲ್ಲ, ಕಾಯಿತುರಿ, ಸೌತೆಕಾಯಿತುರಿ; ಅಳತೆಯೆಲ್ಲ ಕಣ್ಣಂದಾಜು. ಬ್ಯಾಂಕಿನಲ್ಲಿ ಪೈಸೆ ಪೈಸೆಗೆ ಲೆಕ್ಕ ಬರೆಯುವ ನಾವು ಅದನ್ನು ಕೇಳಿ ಬರೆದುಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ ಮುಂಬಯಿಯ ಮನೆಯ ಓವನ್ನಿನಲ್ಲಿ ಎರಡು ವರ್ಷ ಪ್ರಯತ್ನಿಸಿದೆವು. ತಳ ಕರಿಕಾಯಿತು, ರವೆ ಬೇಯಲಿಲ್ಲ. ಮೂರನೆಯ ವರ್ಷ ಊರಿನಿಂದ ಅಕ್ಕ ಫೋನಿನಲ್ಲಿ ಗದರಿದಳು: “ಸೌತೆಕಾಯಿ ನೀರು ಹಿಂಡಬೇಡವೋ, ರವೆ ಅದರಲ್ಲೇ ನೆನೆಯಬೇಕು!” ಆ ಒಂದು ಸಾಲನ್ನು ತಾಯಿಯವರ ಹಳೆಯ ಪಾಸ್‌ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದೇವೆ.